ಐವತ್ತು ಮೀಟರ್ ಖಾಲಿ ಜಾಗ

ಹೂಬತ್ತಿ ಮಾಡಲು ಊರಿಂದ ತರಿಸಿದ ಹತ್ತಿಯಲ್ಲಿ ಒಂದು ಬೀಜ ಉಳಿದಿತ್ತು. ಅಜ್ಜಿ ಕಲ್ಲವ್ವ ಅದನ್ನು ಕಳವಾ ಎಂಬ ಉಪನಗರದಲ್ಲಿರುವ ನಮ್ಮ ಒಂದೇ ಕೋಣೆಯ ಖೋಲಿಯ ಕಿಟಕಿಯಲ್ಲಿ, ಹಳೆಯ ಪೇಂಟ್ ಡಬ್ಬಿಯಲ್ಲಿ ಊರಿದ್ದಳು. ಇವತ್ತು ಬೆಣ್ಣೆಬಣ್ಣದ ಹೂ ಬಿಟ್ಟಿದೆ.

ಕುಲಾಂತರಿ ಬೆಳೆಗಳ ಪರೀಕ್ಷೆಗೆ ಅನುಮತಿ ಕೇಳುವ ಕಾಗದ ಬರೆಯುವುದು ನನ್ನ ನೌಕರಿ. ಬಾಯಿ ಸುಮ್ಮನಿರಲಿಲ್ಲ.

"ಅಜ್ಜಿ, ಈ ಹತ್ತಿಯೊಳಗ ಬ್ಯಾಕ್ಟೀರಿಯಾದ ಜೀನ್ ಐತಿ. ಅದಕ್ಕ ಕಾಯಿಗೆ ಹುಳ ಹತ್ತಂಗಿಲ್ಲ. ಆದ್ರ ಹೊಸಾ ತಳಿ ಪರೀಕ್ಷೆ ಮಾಡೂಮುಂದ ಪರಾಗ ಹೊರಗ ಹೋಗಬಾರದಂತ ಸುತ್ತ ಐವತ್ತು ಮೀಟರ್ ಖಾಲಿ ಬಿಡಬೇಕು."

"ಈ ಖೋಲ್ಯಾಗ?" ಅಜ್ಜಿ ನಕ್ಕಳು. "ಇಲ್ಲಿ ಮಗ್ಗಲಾ ಹೊರಳಾಕ ಜಾಗ ಇಲ್ಲ, ಸ್ನೇಹಲ್."

ಮಧ್ಯಾಹ್ನ ಅವಳ ಪಕ್ಕ ಮಲಗಿದಾಗ ಜೊಂಪು ಹತ್ತಿತು. ಕನಸಿನಲ್ಲಿ ಪಕ್ಕದ ಖೋಲಿಗಳು, ನೀರಿನ ಟಾಕಿ, ಲೋಕಲ್ ರೈಲು ಎಲ್ಲವೂ ಮೆಲ್ಲಗೆ ಹಿಂದೆ ಸರಿದವು. ನಡುವೆ ಹೂವು, ನಾನು, ಸದ್ದಿಲ್ಲದ ಬಯಲು. ದೂರದ ಅಂಚಿನಲ್ಲಿ ನಿಂತು ಅಜ್ಜಿ ಕೈ ಬೀಸಿದಳು. ನಾನು ಕೂಗಿದೆ: "ಬರಬ್ಯಾಡ, ನಿಯಮ ಐತಿ!"

ಎಚ್ಚರವಾದಾಗ ಅವಳ ಕಾಲು ನನ್ನ ಕಾಲಿಗೆ ತಾಗಿಕೊಂಡೇ ಇತ್ತು. ಮೈತುಂಬ ಪರಾಗ ಮೆತ್ತಿಕೊಂಡ ಜೇನುನೊಣವೊಂದು ಹೂವಿನಿಂದೆದ್ದು ಪಕ್ಕದವರ ಕಿಟಕಿ ದಾಟಿತು.

"ಕಿಟಕಿ ಹಾಕ್ಲೇನು?" ಅಜ್ಜಿ ಕೇಳಿದಳು.

ಹೂವೂ ಜೇನೂ ಕೇಳಿರಲಿಲ್ಲ; ಅನುಮತಿ ಕೇಳಿದ್ದು ಅವಳೊಬ್ಬಳೇ.