ಓಡಿ ಹೋಗಿಲ್ಲ

ಇಸ್ಮಾಯಿಲಸಾಬ ಟ್ರ್ಯಾಕ್ಟರ್ ಟ್ರಾಲಿಯ ಹಿಂಬದಿಗೆ ಹಳದಿ ಬಣ್ಣದಲ್ಲಿ ‘ಶ್ರೀ’ ಎಂದು ಬರೆದು, ಮುಂದಿನ ಅಕ್ಷರಕ್ಕೆ ಕುಂಚ ಅದ್ದುತ್ತಿದ್ದಾಗ ಓಣಿಯ ತುದಿಯಿಂದ ಕಸ್ತೂರೆವ್ವನ ನೆರೆಮನೆಯ ಹನಮವ್ವ ಬರಿಗಾಲಲ್ಲಿ ಓಡಿಬಂದಳು.

“ಸಾಬಣ್ಣಾ, ಬ್ರಷ್ ಕೆಳಗಿಡೋ. ಕಸ್ತೂರೆವ್ವ ಹೋದ್ಲು.”

“ಎಲ್ಲಿಗೆ? ಮತ್ತ ಗದಗಿನ ಫೈನಾನ್ಸಿಗೇನು?”

“ಶಿವನ ಕಡೆ ಹೋದ್ಲೋ! ಸಂಜಿ ರೊಟ್ಟಿಗೆ ಹಿಟ್ಟು ನಾದಾಕ ಕುಂತಿದ್ಲು. ಪರಾತದಾಗ ಕೈ ಇಟ್ಟಾಕಿ ಹಂಗ ಗ್ವಾಡಿಗೆ ಆನಿದ್ಲು. ಸೊಸಿ ಬಂದು ಮುಟ್ಟಿ ನೋಡೂದ್ರಾಗ ಎಲ್ಲಾ ಮುಗದಿತ್ತು.”

ಇಸ್ಮಾಯಿಲಸಾಬ ಕುಂಚವನ್ನು ಕೆಳಗಿಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ನಡೆದ. ಶಿರಹಟ್ಟಿಯ ಆ ಓಣಿಯುದ್ದಕ್ಕೂ ಹಳದಿ ಹನಿಗಳು ಬಿದ್ದವು.

ಸೊಸೆ ವಿದ್ಯಾಶ್ರೀ ಆಗಲೇ ಗಂಡನಿಗೆ ಫೋನು ಮಾಡಿದ್ದಳು. ಹವಾಲ್ದಾರ ನಂದೀಶ ಸಿಕಂದರಾಬಾದಿನಲ್ಲಿದ್ದ. ಸುದ್ದಿ ಕೇಳಿ ಅವನು ಹೇಳಿದ್ದು ಎರಡೇ ಮಾತು. “ನಾ ಬರೂತನಕ ಇಡ್ರಿ. ಅವ್ವ ಎಲ್ಲಿ ಹೇಳ್ಯಾಳ, ಅಲ್ಲೇ ಕುಂದ್ರಸ್ರಿ.”

* * *

ಬೆಳಿಗ್ಗೆ ಭಜನೆಯವರು ಬಂದು ಜಮಖಾನ ಹಾಸಿ ಕುಳಿತರೂ ಕಸ್ತೂರೆವ್ವನನ್ನು ಎಲ್ಲಿ ಕುಳ್ಳಿರಿಸಬೇಕೆಂಬುದು ತೀರ್ಮಾನವಾಗಿರಲಿಲ್ಲ. ಮೈತೊಳೆದು, ಹಣೆಗೂ ತೋಳಿಗೂ ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಹಸಿರು ಇಳಕಲ್ ಸೀರೆ ಉಡಿಸಿದ್ದರು. ಲಿಂಗವಂತರಾದ ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮನೆಯ ಗೋಡೆಗೆ ಆನಿಸಿ, ಬದುಕಿದ್ದವರಂತೆಯೇ ಕುಳ್ಳಿರಿಸುತ್ತಾರೆ. ಬಂದವರು ಎದುರು ಕೂತು ದರ್ಶನ ಪಡೆಯುತ್ತಾರೆ.

“ಒಳಗ ಪಡಸಾಲ್ಯಾಗ ಕುಂದ್ರಸ್ರಿ,” ಎಂದ ನಿಜಲಿಂಗಪ್ಪ. ಅವನು ಕಸ್ತೂರೆವ್ವನ ಅಣ್ಣ, ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರಿ. “ಆ ಕೆಂಪು ಅಕ್ಷರದ ಮುಂದ ಕುಂದ್ರಿಸಿ ನಮ್ಮ ಮರ್ಯಾದಿ ಹರಾಜಿಗೆ ಇಡ್ತೀರೇನು?”

ಮನೆಯ ಮುಂಗೋಡೆಯ ಮೇಲೆ, ಕಟ್ಟೆಗೆ ಸಮೀಪದಲ್ಲಿ, ದೊಡ್ಡ ಕೆಂಪು ಅಕ್ಷರಗಳಿದ್ದವು. ‘ಈ ಆಸ್ತಿಯು ನಮ್ಮ ಫೈನಾನ್ಸ್ ಕಂಪನಿಗೆ ಅಡಮಾನವಾಗಿದೆ. ಕಂತು ಬಾಕಿ ಇದೆ. ಯಾರೂ ಖರೀದಿಸಬಾರದು.’ ಅದರ ಮೇಲೆ, ಅದೇ ಕೈಯ ಬರಹದಲ್ಲಿ, ನೀಲಿ ಬಣ್ಣದ ಇನ್ನೊಂದು ಸಾಲಿತ್ತು. ‘ಈ ಮನಿ ಯಜಮಾನ ಸೈನ್ಯದಾಗ ಅದಾನ. ಓಡಿ ಹೋಗಿಲ್ಲ.’

“ಮಾವಾರ, ಅತ್ತಿ ಬಾಯಿ ಬಿಟ್ಟು ಹೇಳ್ಯಾರ್ರಿ,” ಎಂದಳು ವಿದ್ಯಾಶ್ರೀ. “ಒಳಗ ಕುಂದ್ರಿಸಿದ್ರ ಅಡಗಿ ಕುಂತಂಗ ಆಕ್ಕೈತಿ, ಹೊರಗ ಕಟ್ಟಿ ಮ್ಯಾಲ ಆ ಗ್ವಾಡಿಗೇ ಆನಿಸ್ರಿ ಅಂದಿದ್ರು.”

“ಸತ್ತ ಮ್ಯಾಲೂ ಹಟಾನ ಏನು ಆಕಿದು?”

“ಹಟ ಬಿಟ್ಟು ಸತ್ತಿದ್ರ ಆಕಿ ಕಸ್ತೂರೆವ್ವ ಅಲ್ಲ ಬಿಡ್ರೀ ಕಾಕಾ,” ಎಂದಳು ಹನಮವ್ವ. ಅಳುತ್ತಿದ್ದ ಹೆಂಗಸರ ನಡುವೆ ಯಾರೋ ಮೂಗೊರೆಸಿಕೊಂಡು ನಕ್ಕರು.

ನಿಜಲಿಂಗಪ್ಪ ಇನ್ನೂ ಏನೋ ಅನ್ನುವಷ್ಟರಲ್ಲಿ ಇಸ್ಮಾಯಿಲಸಾಬ ಕಟ್ಟೆಯನ್ನು ಗುಡಿಸಿ, ನೀರು ಚಿಮುಕಿಸಿ, ಕಂಬಳಿ ಹಾಸಿಬಿಟ್ಟಿದ್ದ. ನಾಲ್ವರು ಅವಳನ್ನು ಎತ್ತಿ ತಂದು ಕೆಂಪು ಅಕ್ಷರಗಳಿಗೆ ಬೆನ್ನು ಮಾಡಿ ಕೂಡಿಸಿದರು. ವಾಲದಂತೆ ಬಿಳಿ ಬಟ್ಟೆಯ ಪಟ್ಟಿಯನ್ನು ಎದೆಗೆ ಸುತ್ತಿ ಕಿಟಕಿಯ ಸರಳಿಗೆ ಬಿಗಿದರು. ಸೆರಗಿನ ಮೇಲೆಯೇ ತಲೆಗೂ ಹೆಗಲಿಗೂ ವಿಭೂತಿ ಬಳಿದು, ಆಚೀಚೆ ಬಾಳೆಯ ಕಂಬ ನಿಲ್ಲಿಸಿ ಹೂವಿನ ಮಾಲೆ ಇಳಿಬಿಟ್ಟರು. ಕೆಂಪು ಅಕ್ಷರಗಳು ಅವಳ ಬೆನ್ನ ಹಿಂದೆಯೂ ಬಾಳೆ ಎಲೆಗಳ ಹಿಂದೆಯೂ ಮರೆಯಾದವು. ತಲೆಯ ಮೇಲೆ ನೀಲಿಯ ಸಾಲು ಮಾತ್ರ ಉಳಿಯಿತು.

ತಾಳ ಮೊದಲಾಯಿತು.

* * *

ಕಸ್ತೂರೆವ್ವನ ಗಂಡ ಗುರಪ್ಪ ತೀರಿಕೊಂಡದ್ದು ಬೆಟಗೇರಿಯ ಬಾಡಿಗೆಯ ಕೋಣೆಯಲ್ಲಿ. ಮಗ್ಗದ ಕೆಲಸಗಾರ. ಕೆಮ್ಮು ಹತ್ತಿ ಹೋದ. ಹೆಣಕ್ಕೆ ಇನ್ನೂ ನೀರು ಹಾಕಿರಲಿಲ್ಲ, ಮನೆಯ ಮಾಲೀಕ ಬಾಗಿಲಿಗೆ ಬಂದು ನಿಂತ.

“ತಪ್ಪು ತಿಳ್ಕೋಬ್ಯಾಡ್ರಿ. ನಮ್ಮನ್ಯಾಗ ಮದುವಿ ಐತಿ. ಒಳಗ ಕುಂದ್ರಸೂದು ಬ್ಯಾಡ, ಜಲ್ದಿ ಎತ್ತಿಕೊಂಡು ಹೋಗ್ರಿ.”

ಬೀದಿ ನಲ್ಲಿಯ ಪಕ್ಕದ ಬೇವಿನ ಮರಕ್ಕೆ ಆನಿಸಿ ಗುರಪ್ಪನನ್ನು ಕೂಡಿಸಿದರು. ನೀರಿಗೆ ಬಂದವರು ಕೊಡ ಹಿಡಿದು ಅತ್ತ ಸರಿದು ನಿಂತರು. ಮಳೆಹನಿ ಉದುರತೊಡಗಿದಾಗ ಕಸ್ತೂರೆವ್ವ ಗಂಡನ ತಲೆಯ ಮೇಲೆ ಕೊಡೆ ಹಿಡಿದಳು. ವಿಭೂತಿ ಕರಗಿ ಮುಖದ ಮೇಲೆ ಇಳಿಯಿತು. ಆಗ ಹೈಸ್ಕೂಲಿನಲ್ಲಿದ್ದ ನಂದೀಶ ತಾಯಿಯ ಮಗ್ಗುಲಲ್ಲಿ ನಿಂತಿದ್ದ. ಅವಳು ಅತ್ತದ್ದನ್ನು ಅವನು ನೋಡಲಿಲ್ಲ. ಒಂದು ಮಾತು ಮಾತ್ರ ಕೇಳಿದ.

“ನನ್ನ ಹೆಣ ನನ್ನ ಗ್ವಾಡಿಗೆ ಆನಬೇಕು.”

ಮಗನನ್ನು ಕಟ್ಟಿಕೊಂಡು ಅವಳು ತವರಿನ ಕಡೆಗೆ, ಶಿರಹಟ್ಟಿಗೆ ಬಂದಳು. ಬಸ್ ಸ್ಟ್ಯಾಂಡಿನ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ನಂದೀಶ ಸೈನ್ಯ ಸೇರಿದ. ಹಿಮದ ಬೆಟ್ಟದ ಮೇಲೆ ಕಾವಲಿಗೆ ಹಾಕಿದಾಗ ಪಗಾರದ ಜೊತೆ ದೊಡ್ಡ ಭತ್ಯೆಯೂ ಬರತೊಡಗಿತು. ಆ ಪಗಾರವನ್ನೇ ನಂಬಿ ಸಾಲ ತೆಗೆದು, ತಾಯಿಗೆಂದು ಮನೆ ಕಟ್ಟಿಸಿದ. ಬೆಟ್ಟದಿಂದ ಇಳಿದರೆ ಭತ್ಯೆ ನಿಲ್ಲುತ್ತದೆಂಬುದು ಅವನಿಗೆ ಗೊತ್ತಿತ್ತು. ಇಷ್ಟು ಬೇಗ ಇಳಿಯಬೇಕಾದೀತೆಂದು ಮಾತ್ರ ಎಣಿಸಿರಲಿಲ್ಲ. ಹಿಮ ಕಚ್ಚಿ ಎಡಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಅವನನ್ನು ಕೆಳಗೆ ಕಳಿಸಿದರು. ಪಗಾರ ಇಳಿಯಿತು, ಕಂತು ಇಳಿಯಲಿಲ್ಲ.

“ಅವ್ವಾ, ತಪ್ಪು ನಂದು,” ಎಂದು ಅವನು ಫೋನಿನಲ್ಲಿ ಅಂದಿದ್ದ. “ಹಿಮದ ರೊಕ್ಕದ ಮ್ಯಾಲ ಮನಿ ಕಟ್ಟಿದೆ. ಮನಿ ಬಿಟ್ಟುಬಿಡೂಣು.”

“ಬೆರಳು ಕೊಟ್ಟೀಯಲ್ಲೋ, ಸಾಲಲಿಲ್ಲೇನು? ಮನೀನೂ ಕೊಡ್ತೀ? ಸುಮ್ಮನಿರು. ನಾ ಇನ್ನೂ ಸತ್ತಿಲ್ಲ.”

* * *

ಗೋಡೆಗೆ ಬರೆಯಲು ಕಂಪನಿಯವರು ಕರೆತಂದದ್ದು ಇಸ್ಮಾಯಿಲಸಾಬನನ್ನೇ. ಊರಲ್ಲಿ ಬೋರ್ಡು ಬರೆಯುವವನು ಅವನೊಬ್ಬನೇ. ಯಾರ ಮನೆಯೆಂದು ಅವನಿಗೆ ಮೊದಲೇ ಹೇಳಿರಲಿಲ್ಲ. ಡಬ್ಬಿ ಹಿಡಿದು ಬಂದವನು ಬಾಗಿಲಲ್ಲಿ ಕಸ್ತೂರೆವ್ವನನ್ನು ಕಂಡು ತಿರುಗಿ ಹೊರಟ.

“ಎಲ್ಲಿ ಹೊಂಟೀಯೋ? ಬಾ, ಬರಿ,” ಎಂದಳು ಅವಳು. “ನೀ ಬರೀಲಿಲ್ಲಂದ್ರ ಮುಂಡರಗಿಯಿಂದ ಇನ್ನೊಬ್ಬನ್ನ ಕರ್ಕೊಂಡು ಬರ್ತಾರ. ಅಂವ ಸೊಟ್ಟ ಬರದು ಹೋಗ್ತಾನ. ನಿನ್ನ ಅಕ್ಷರ ಛಲೋ ಅದಾವು.”

“ಅಕ್ಕಾ, ನನ್ನ ಕೈ ಸೇದಿ ಹೋಗಲಿ…”

“ಕೈ ಸೇದಿದ್ರ ಹೊಟ್ಟಿಗೇನು ತಿಂತೀ? ಕುಂತು ಬರಿ.”

ಮೊಣಕಾಲು ನೋವಿನಿಂದ ಅವನಿಗೆ ಏಣಿ ಹತ್ತಲಾಗುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತೇ ಬರೆದ. ಅದಕ್ಕೇ ಕೆಂಪು ಅಕ್ಷರಗಳು ಅಷ್ಟು ಕೆಳಗಿದ್ದವು. ಬರೆದು ಮುಗಿಯುವವರೆಗೆ ಕಸ್ತೂರೆವ್ವ ಪಕ್ಕದಲ್ಲೇ ನಿಂತಿದ್ದು, ಕಂಪನಿಯವರು ಜೀಪು ಹತ್ತಿ ಹೋದ ಮೇಲೆ ಅವನಿಗೆ ಚಹಾ ಕೊಟ್ಟಳು.

“ಅವರದಾತು. ಈಗ ನಂದೊಂದು ಸಾಲು ಬರಿ. ಅವರದಕ್ಕಿಂತ ಮ್ಯಾಲ.”

ಅವಳು ಹೇಳಿದಳು, ಅವನು ನಿಂತು ಬರೆದ. ನಿಂತಾಗ ಮೊಣಕಾಲು ನಡುಗಿದ್ದು ಆ ಸಾಲಿನ ಕೊನೆಯ ಅಕ್ಷರದಲ್ಲಿ ಈಗಲೂ ಕಾಣುತ್ತದೆ.

ಆಮೇಲೆ ಅವಳು ಸೈನಿಕ ಕಲ್ಯಾಣ ಕಚೇರಿಗೆ ಹೋದಳು. ಅಲ್ಲಿದ್ದ ನಿವೃತ್ತ ಸುಬೇದಾರರು ನಂದೀಶನಿಗೆ ಫೋನು ಹಚ್ಚಿ ಮಾತಾಡಿ, ಕೇಳಬಹುದಾದ್ದನ್ನೆಲ್ಲ ಅವಳಿಗೆ ತಿಳಿಸಿ ಹೇಳಿದರು. ಸಾಲದ ವರ್ಷಗಳನ್ನು ಹೆಚ್ಚಿಸಿ ಈಗಿನ ಪಗಾರಕ್ಕೆ ತಕ್ಕಂತೆ ಕಂತು ಇಳಿಸಲು ಕೇಳಬಹುದು. ತಪ್ಪಿದ ಕಂತುಗಳನ್ನು ಕೊನೆಗೆ ಸೇರಿಸಿರೆಂದು ಕೇಳಬಹುದು. ಗಾಯದ ಬಗ್ಗೆ ಪಲ್ಟನ್ನಿನ ಸಾಹೇಬರ ಪತ್ರವನ್ನೂ ಜೊತೆಗಿಡಬಹುದು. “ಕೇಳೂದು ನಮ್ಮ ಹಕ್ಕು ತಾಯಿ. ಭಿಕ್ಷಾ ಅಲ್ಲ,” ಎಂದಿದ್ದರು ಅವರು. ಆ ಮಾತನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡಂತೆ ತಂದಳು. ಅರ್ಜಿ ಹಿಡಿದು ಗದಗಿನ ಕಂಪನಿಗೆ ಹೋದಾಗಲೆಲ್ಲ ಅಲ್ಲಿ ಒಂದೇ ಉತ್ತರ. “ಸಾಲ ತೊಗೊಂಡವ್ರು ಖುದ್ದು ಬರಬೇಕ್ರಿ ಅಮ್ಮಾರ. ನಿಮ್ಮ ಕೈಲೆ ಇದನ್ನ ತೊಗೊಳಾಕ ಬರೂದಿಲ್ಲ.”

ನಂದೀಶನಿಗೆ ರಜೆ ಸಿಗಲಿಲ್ಲ.

* * *

ಹೊತ್ತು ಏರಿದಾಗ ನಂದೀಶ ಬಂದ. ಹೆಗಲ ಚೀಲವನ್ನು ಅಂಗಳದಲ್ಲಿ ಇಳಿಸಿ, ಬೂಟು ಬಿಚ್ಚಿ, ಬರಿಗಾಲಲ್ಲಿ ಕಟ್ಟೆಯ ಬಳಿಗೆ ನಡೆದ. ಎಡಗಾಲಿನಲ್ಲಿ ಬೆರಳಿಲ್ಲದ ಜಾಗವನ್ನು ಊರವರು ಅಂದೇ ಮೊದಲ ಸಲ ಕಂಡರು. ನಿಜಲಿಂಗಪ್ಪ ಅದನ್ನು ನೋಡಿ ಮುಖ ತಿರುಗಿಸಿಕೊಂಡ. ನಂದೀಶ ತಾಯಿಯ ಪಾದದ ಮೇಲೆ ಹಣೆಯಿಟ್ಟು ಹಾಗೆಯೇ ಉಳಿದ. ಭಜನೆ ನಿಂತಿತು. ಅವನು ತಲೆಯೆತ್ತದೆ, “ನಿಲ್ಲಸಬ್ಯಾಡ್ರಿ,” ಎಂದಾಗ ಮತ್ತೆ ಮೊದಲಾಯಿತು.

ಅದೇ ಹೊತ್ತಿಗೆ ಓಣಿಯಲ್ಲಿ ಮೋಟರ್ ಸೈಕಲ್ಲು ನಿಂತಿತು. ಫೈನಾನ್ಸಿನ ಸಿದ್ದಲಿಂಗೇಶ. ಸಾವಿನ ಮನೆಯೆಂದು ತಿಳಿದೇ ಬಂದಿದ್ದ. ಚಪ್ಪಲಿ ಬಿಟ್ಟು, ಶರಣು ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಒಂದು ಕಡೆ ನಿಂತ. ಸ್ವಲ್ಪ ಹೊತ್ತಿನ ಮೇಲೆ ನಂದೀಶನ ಹತ್ತಿರ ಬಂದು ದನಿ ತಗ್ಗಿಸಿದ.

“ಭಾಳ ಕೆಟ್ಟಾತ್ರಿ. ಈ ಹೊತ್ತಿನ್ಯಾಗ ಹೇಳಬಾರದು, ಖರೆ. ಆದ್ರ ನೀವು ಮತ್ತ ಯಾವಾಗ ಸಿಗ್ತೀರೋ… ಸ್ವಂತ ಒಪ್ಪಿಗೀಲೆ ಮನಿ ಬಿಟ್ಟುಕೊಡ್ತೀನಿ ಅಂತ ಇಲ್ಲೊಂದು ಸಹಿ ಹಾಕಿಬಿಟ್ರ ಎಲ್ಲಾ ಹಗರ ಆಕ್ಕೈತ್ರಿ. ಹೆಂಗೂ ಅಮ್ಮಾರೂ ಹೋದ್ರು…”

ಹನಮವ್ವನಿಗೆ ಕೇಳಿಸಿತು. “ಏ ಭಾಡ್ಯಾ, ಹೆಣ ಇನ್ನೂ ಕುಂತೈತಿ! ಎದ್ದು ಬಂತಂದ್ರ ನಿನ್ನ ಗಾಡಿ ಚಾಲೂ ಆಗೂದಿಲ್ಲ ನೋಡು!”

“ಇರಲಿ ಚಿಗವ್ವಾ,” ಎಂದ ನಂದೀಶ. ಎದ್ದು ನಿಂತ. ಅವನ ಕಣ್ಣುಗಳು ಕೆಂಪಗಿದ್ದವು. “ವಿದ್ಯಾ, ಅವ್ವನ ಅರ್ಜಿ ತಾ.”

ವಿದ್ಯಾಶ್ರೀ ಅರ್ಜಿಯನ್ನೂ ಅದರ ನಕಲನ್ನೂ ತಂದಳು.

“ಸಾಲ ತೊಗೊಂಡಾಂವ ಖುದ್ದು ಬರಬೇಕು ಅಂದಿದ್ರಿ. ಬಂದೀನಿ. ಅವ್ವನ ಕಡೆಯಿಂದ ಆಗದ್ದು ಇದೊಂದ ಕೆಲಸ. ಅದಕ್ಕ ಸತ್ತು ನನ್ನ ಕರಸ್ಯಾಳ.” ಬಾಳೆಯ ಕಂಬದ ಪಕ್ಕದಲ್ಲೇ ಕಟ್ಟೆಯ ಮೇಲೆ ಅರ್ಜಿಯನ್ನಿಟ್ಟು ಸಹಿ ಮಾಡಿದ. “ತೊಗೋರಿ.”

“ಅದನ್ನ ಆಫೀಸಿಗೆ ತಂದು ಕೊಡ್ರಿ ಸರ್. ಇಲ್ಲಿ ಹೆಂಗ…”

“ಮನಿ ಬಿಡಾಕ ಸಹಿ ಇಲ್ಲೇ ನಡೀತೈತಿ, ಉಳಸ್ಕೊಳ್ಳಾಕ ಅಂದ್ರ ಆಫೀಸಿಗೆ ಬರಬೇಕೇನ್ರಿ?” ಎಂದಳು ವಿದ್ಯಾಶ್ರೀ.

ಸುತ್ತ ನಿಂತವರು ಹತ್ತಿರ ಸರಿದರು. ಸಿದ್ದಲಿಂಗೇಶ ಬೆವರಿದ. “ನಂದೂ ನೌಕರಿ ಐತ್ರಿ. ಇವತ್ತಿನ ತಾರೀಖಿನ ಗ್ವಾಡಿ ಫೋಟೋ ಕಳಸಬೇಕು. ಅದೂ ಹೋಗಲಿಲ್ಲಂದ್ರ…”

“ತಗೀರಿ ಫೋಟೋ.”

ಅವನು ಫೋನು ಎತ್ತಿ, ಮತ್ತೆ ಇಳಿಸಿದ. “ಕಂಪನಿ ಅಕ್ಷರ ಕಾಣೂದಿಲ್ರಿ. ಅಮ್ಮಾರು…”

“ಅವ್ವನ್ನ ಸರಸೂದಿಲ್ಲ. ಒಮ್ಮೆ ಬಾಡಿಗಿ ಮನಿಯವ್ರು ನಮ್ಮಪ್ಪನ್ನ ಎತ್ತಸಿದ್ರು. ಈಕಿನ್ನ ಯಾರೂ ಎತ್ತಸೂದಿಲ್ಲ. ಕಾಣೂ ಅಕ್ಷರ ಓದಿಕೊಂಡು ತಗೀರಿ. ನಿಮ್ಮ ದೊಡ್ಡ ಸಾಹೇಬ್ರೂ ಓದಲಿ.”

ಸಿದ್ದಲಿಂಗೇಶ ನೀಲಿಯ ಸಾಲನ್ನು ನೋಡಿದ. ಕೆಳಗೆ, ಲಿಂಗವನ್ನು ಎಡಗೈಯಲ್ಲಿ ಹಿಡಿದು ನೆಟ್ಟಗೆ ಕೂತವಳನ್ನು ನೋಡಿದ. ಫೋಟೋ ತೆಗೆದ. ಆಮೇಲೆ ಅರ್ಜಿಗೆ ಕೈಚಾಚಿದ.

ಆಗ ಮುಂದೆ ಬಂದವನು ನಿಜಲಿಂಗಪ್ಪ. ಮೊದಲಿನಿಂದಲೂ ಆ ಗೋಡೆಗೆ ನಾಚಿಕೊಂಡು ದೂರ ಕೂತಿದ್ದವನು.

“ಲೇ ತಮ್ಮಾ, ಹಂಗ ಮಡಚಿ ಕಿಸೇದಾಗ ಇಟ್ಕೋಬ್ಯಾಡ. ರೊಕ್ಕದ ಪಾವತಿಗೆ ಶಿಕ್ಕಾ ಹೊಡೀತೀಯಲ್ಲ, ಚೀಲದಾಗ ಐತಿ. ಈ ನಕಲಿನ ಮ್ಯಾಲೂ ಹೊಡಿ. ಮುಟ್ಟೇತಿ ಅಂತ ಬರದು ಸಹಿ ಹಾಕು. ನಮ್ಮ ತಂಗಿ ಇದಕ್ಕ ಎಷ್ಟು ಸಲ ಬಸ್ ಹತ್ಯಾಳ ನನಗೂ ಗೊತ್ತಿರಲಿಲ್ಲ.”

ನಕಲಿನ ಮೇಲೆ ಕಂಪನಿಯ ಮುದ್ರೆ ಬಿತ್ತು.

“ಮ್ಯಾಲಿನವರು ಒಪ್ತಾರೋ ಇಲ್ಲೋ ನಾ ಹೇಳಾಕ ಆಗೂದಿಲ್ರಿ,” ಎಂದ ಸಿದ್ದಲಿಂಗೇಶ.

“ಇಲ್ಲಂದ್ರ ಮತ್ತ ಕೊಡ್ತೀನಿ,” ಎಂದ ನಂದೀಶ. “ಕೋರ್ಟಿಗಂದ್ರ ಕೋರ್ಟಿಗೂ ಬರ್ತೀನಿ. ಓಡಿ ಹೋಗೂದಿಲ್ಲ.”

ಸಿದ್ದಲಿಂಗೇಶ ಹೊರಟು ಹೋಗಲಿಲ್ಲ. ಮೋಟರ್ ಸೈಕಲ್ಲಿನ ಬಳಿ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದು, ಕಸ್ತೂರೆವ್ವನನ್ನು ಕೂಡಿಸಿದ ಹೂವಿನ ವಿಮಾನ ಎತ್ತುವಾಗ ಒಂದು ಮೂಲೆಗೆ ಹೆಗಲು ಕೊಟ್ಟ. ಯಾರೂ ಬೇಡವೆನ್ನಲಿಲ್ಲ.

* * *

ರುದ್ರಭೂಮಿಯಲ್ಲಿ ಕಸ್ತೂರೆವ್ವನನ್ನು ಕೂತಂತೆಯೇ ಮಣ್ಣಿಗೆ ಇಳಿಸಿದರು. ಸುತ್ತಲೂ ವಿಭೂತಿಯ ಗಟ್ಟಿಗಳನ್ನಿಟ್ಟು, ಬಿಲ್ವಪತ್ರೆ ಏರಿಸಿ, ಎಲ್ಲರೂ ಹಿಡಿ ಮಣ್ಣು ಹಾಕಿದರು. ಇಸ್ಮಾಯಿಲಸಾಬನ ಹಿಡಿಯಲ್ಲಿ ಹಳದಿ ಬಣ್ಣ ಇನ್ನೂ ಅಂಟಿಕೊಂಡಿತ್ತು.

ಮನೆಗೆ ಮರಳುವಷ್ಟರಲ್ಲಿ ಹೆಂಗಸರು ಪಡಸಾಲೆ ತೊಳೆದು, ಕಟ್ಟೆಗೆ ನೀರು ಹಾಕಿದ್ದರು. ಹನಮವ್ವ ಹಸಿ ಬಟ್ಟೆ ಹಿಡಿದು ಗೋಡೆಯ ಕಡೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಕೆಂಪು ಅಕ್ಷರಗಳ ನಟ್ಟನಡುವೆ ಬೆಳ್ಳಗೆ ವಿಭೂತಿಯ ಗುರುತು ಉಳಿದಿತ್ತು. ಒಂದು ತಲೆ, ಎರಡು ಹೆಗಲು. ಕಂಪನಿ ಎಂಬ ಮಾತು ಅದರಡಿ ಓದಲು ಬರುತ್ತಿರಲಿಲ್ಲ.

“ಒರಸಬ್ಯಾಡ,” ಎಂದ ಇಸ್ಮಾಯಿಲಸಾಬ.

ನಂದೀಶ ಕಟ್ಟೆಯ ಮೇಲೆ, ಆ ಗುರುತಿನ ಕೆಳಗೆ ಹಣತೆಯಿಟ್ಟು ಹಚ್ಚಿದ. ಗಾಳಿಗೆ ಅದು ಬಾಗಿತು, ಆರಲಿಲ್ಲ. ವಿದ್ಯಾಶ್ರೀ ಕೈಮುಗಿದಳು, ನಿಜಲಿಂಗಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಹವಾಲ್ದಾರ ಬೆರಳಿಲ್ಲದ ಪಾದವನ್ನು ಮಡಚಿ ತಾಯಿ ಕೂತಿದ್ದ ಜಾಗದೆದುರು ಕುಳಿತು, ಮೆಲ್ಲಗೆ ಬೇಡಿಕೊಂಡ.

“ಶಿವನೇ, ನಮ್ಮವ್ವ ನಿನ್ನ ಕಡೆ ಬರಾಕತ್ಯಾಳ. ರೊಟ್ಟಿ ಬಡದು ಬಡದು ದಣದಾಳ. ಬೆನ್ನಿಗೊಂದು ಗ್ವಾಡಿ ಕೊಡು. ಎದ್ದು ಹೋಗು ಅನ್ನೋರಿಲ್ಲದ ಜಾಗ ಕೊಡು. ಆಕಿ ಅಲ್ಲಿ ಶಾಂತಾಗಿ ಕುಂದ್ರಲಿ.”