ಕಟ್ಟದೆ ಹಿಡಿದ ಬಳ್ಳಿ

೧
ದ್ರಾಕ್ಷಿ ಬಳ್ಳಿಯನ್ನು ಬಿಲ್ಲಿನಂತೆ ಬಗ್ಗಿಸಿ ಎರಡೂ ಕೈಯಲ್ಲಿ ಹಿಡಿದಿದ್ದೇನೆ. ತಂತಿಗೆ ಕಟ್ಟಲು ಸಂಧಿವಾತದ ಹೆಬ್ಬೆರಳು ಒಪ್ಪುತ್ತಿಲ್ಲ. ಕಥೆಯನ್ನು ಇಲ್ಲಿಂದ ಶುರುಮಾಡಬಹುದೇ? (ಎರಡೂ ಕೈ ಬಳ್ಳಿಯಲ್ಲಿದ್ದರೆ ಬರೆಯುತ್ತಿರುವುದು ಯಾವ ಕೈ? ಕೇಳಬೇಡಿ, ಓದಿ.)

೧, ಮತ್ತೊಮ್ಮೆ
ಕಥೆ ಬರೆಯಲು ಕಲಿಸುವ ರಾತ್ರಿಶಾಲೆಯ ಮೇಷ್ಟರು ಹವೆಯಿಂದ ಶುರುಮಾಡಿ ಎಂದಿದ್ದರು. ಸರಿ: ಫ್ರಾನ್ಸಿನ ಜುರಾ ಬೆಟ್ಟದ ಮೇಲೆ ಮಂಜು. ಒದ್ದೆ ಹವೆಯಲ್ಲಿ ಮಾತ್ರ ಬಳ್ಳಿ ಬಾಗುತ್ತದೆ. ಒಣ ದಿನ ಮುಟ್ಟಿದರೆ ಲಟಕ್ಕನೆ ಮುರಿಯುತ್ತದೆ. ಮೊಗ್ಗೊಡೆಯುವ ಮೊದಲು ಇಡೀ ಇಳಿಜಾರು ಮುಗಿಯಬೇಕು. ಬಗ್ಗಿಸಲು ನಾನಿದ್ದೇನೆ, ಕಟ್ಟಲು ನನ್ನ ಓರಗಿತ್ತಿ ಸೊಲಾಂಜ್ ಬೇಕು. ಅವಳು ಬರದಿದ್ದರೆ ಇಳಿಜಾರಿನ ಮೇಲ್ಭಾಗದ ಬಳ್ಳಿಸಾಲುಗಳನ್ನು ಈ ವರ್ಷವೇ ಕೀಳಿಸಬೇಕು.

೩ (ಎರಡನ್ನು ಹರಿದು ಒಲೆಗೆ ಹಾಕಿದೆ, ಅದರಲ್ಲಿ ನಾನು ತೀರಾ ಒಳ್ಳೆಯವಳಾಗಿದ್ದೆ.)
ಸೊಲಾಂಜ್ ಬರ್ಗಂಡಿಯವಳು. ಅಲ್ಲಿ ಪೀಪಾಯಿಯ ವೈನು ಇಳಿದಾಗ ಮತ್ತೆ ತುಂಬಿಸದ ಸೊಸೆ ಸೋಮಾರಿ. ನಮ್ಮ ಹಳದಿ ವೈನನ್ನು ಆರು ವರ್ಷ ಯಾರೂ ಮುಟ್ಟಬಾರದು. ಇಳಿದಷ್ಟೂ ಇಳಿಯಲಿ, ಮೇಲೆ ಕಟ್ಟಿದ ಯೀಸ್ಟಿನ ಕೆನೆಯೇ ಅದನ್ನು ಕಾಯುತ್ತದೆ. ನಾನು ಆಸ್ಪತ್ರೆಯಲ್ಲಿದ್ದಾಗ ಅವಳು ಪ್ರೀತಿಯಿಂದ ನೆಲಮಾಳಿಗೆಗೆ ಇಳಿದು ಅಷ್ಟೂ ಪೀಪಾಯಿಗಳನ್ನು ತುಳುಕುವಂತೆ ತುಂಬಿಸಿಟ್ಟಳು. ಕೆನೆ ಮುಳುಗಿತು, ವೈನು ಕೆಟ್ಟಿತು. ಆಮೇಲೆ ಏನೋ ಸಣ್ಣದಕ್ಕೆ ಮುನಿಸಿಕೊಂಡು ತವರಿಗೆ ಹೊರಟುಹೋದಳು.

"ಅಕ್ಕಾ, ಸುಳ್ಳು ಬರೀಬೇಡ," ಎಂದಳು ಕಥೆಯೊಳಗಿನ ಸೊಲಾಂಜ್. "ಒಂದು ಸಲ ಬೈದಿದ್ರೆ ಅತ್ತು, ಸೂಪು ಕುಡಿದು ಮಲಗ್ತಿದ್ದೆ. ನೀನು ವಾರಗಟ್ಟಲೆ ತುಟಿ ಬಿಚ್ಲಿಲ್ಲ."

"ಇದು ನನ್ನ ಕಥೆ ಕಣೇ."

"ಹಾಗಾದ್ರೆ ಬಳ್ಳೀನೂ ನೀನೇ ಕಟ್ಕೋ."

(ಪಾತ್ರಗಳಿಗೆ ಸಲುಗೆ ಕೊಟ್ಟರೆ ಹೀಗೇ.)

೪. ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ
ಅ) ಸೊಲಾಂಜ್ ಇಳಿಜಾರು ಹತ್ತಿ ಓಡಿಬಂದು ನನ್ನನ್ನು ತಬ್ಬುತ್ತಾಳೆ. (ಲೇಖಕಿಗೆ ಅವಳ ಮೊಣಕಾಲು ನೋವಿನ ಪರಿಚಯವಿಲ್ಲ.)
ಆ) ನಾನು ಸಾಯುತ್ತೇನೆ, ಅವಳು ಬಿಕ್ಕಿಬಿಕ್ಕಿ ಅಳುತ್ತಾಳೆ. ಇದು ನನಗೆ ಬಹಳ ಹಿಡಿಸಿತು. ಆದರೆ ಆಮೇಲೆ ಬಗ್ಗಿಸುವವರು ಯಾರು?

೫
ಕೆಳಗೆ ಅಂಚೆಯ ಹಳದಿ ಗಾಡಿ ನಿಂತಿತು. ಅಂಚೆಯ ಜೋಸಿಯಾನ್ ಏದುಸಿರು ಬಿಡುತ್ತ ಸಾಲಿನೊಳಗೆ ಬಂದಳು.

"ಎದ್ಮೇ ಅಜ್ಜಿ, ಸೊಲಾಂಜ್‌ಗೆ ಬರೀತಿದ್ದ ಆ ಕಾಗದ ಇವತ್ತಾದ್ರೂ ಕೊಡ್ತೀರಾ? ಕ್ರಿಸ್‌ಮಸ್‌ನಿಂದ ಕೇಳ್ತಿದ್ದೀನಿ."

"ಏಪ್ರನ್ ಜೇಬಲ್ಲಿದೆ, ನೀನೇ ತಗೋ ಮಾರಾಯ್ತಿ. ನನ್ನ ಕೈ ಖಾಲಿಯಿಲ್ಲ."

"ಒಂದು ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?"

"ಫೋನಲ್ಲಿ ಅವಳೇ ಮಾತಾಡ್ತಾಳೆ."

ಎಷ್ಟೋ ಹಾಳೆ ಹರಿದ ಮೇಲೆ ಆ ಕಾಗದದಲ್ಲಿ ಉಳಿದದ್ದು ಇಷ್ಟೇ: "ಹವೆ ಒದ್ದೆಯಾಗಿದೆ, ಬಾ. ಪೀಪಾಯಿ ಮುಟ್ಟಬೇಡ."

ಗಾಡಿ ಕಾಗದದೊಂದಿಗೆ ತಿರುವಿನಲ್ಲಿ ಮರೆಯಾಯಿತು. ಸೊಲಾಂಜ್ ಬಂದಳೇ? ನನ್ನನ್ನೇನು ಕೇಳುತ್ತೀರಿ, ನಾನು ಬರೀ ಲೇಖಕಿ. ಬಳ್ಳಿ ಇನ್ನೂ ಕೈಯಲ್ಲೇ ಇದೆ. ಬಿಟ್ಟರೆ ನೇರ ಮುಖಕ್ಕೇ ಬಡಿಯುತ್ತದೆ.