ಸ್ಟಿಕ್ ಪ್ಯೋ ಮಗಳ ಪೆಟ್ಟಿಗೆ

ಬಂದ ಗಿರಾಕಿಯನ್ನು ಬರಿಗೈಯಲ್ಲಿ ವಾಪಸ್ ಕಳಿಸುವುದರಲ್ಲಿ ನಮ್ಮನೆಯವರದು ಎತ್ತಿದ ಕೈ. ಸೋಲ್ ನಗರದ ಸೆವೂನ್ ಮಾರುಕಟ್ಟೆಯ ಮೂರನೇ ಮಹಡಿಯಲ್ಲಿ, ಸ್ಪೀಕರ್ ಮಾರುವ ಬೋಂಗ್ ಅಣ್ಣನ ಪಕ್ಕ ನಮ್ಮ ಅಂಗಡಿ. ಹೊಡೆದಾಟದ ವಿಡಿಯೋ ಗೇಮ್ ಆಡುವವರಿಗೆ ಸ್ಟಿಕ್ ಮಾಡಿಕೊಡುತ್ತೇವೆ. ತೊಡೆಯ ಮೇಲೆ ಕೂರುವಂಥ ಪೆಟ್ಟಿಗೆ, ಅದರ ಮೇಲೆ ಎಡಗೈಗೊಂದು ಸ್ಟಿಕ್ಕು, ಬಲಗೈಗೆ ಒಂದಷ್ಟು ಗುಂಡಿ, ಅಷ್ಟೆ. ಆದರೆ ಇವರ ಮಾತು ಕೇಳಿದರೆ ಮಗಳಿಗೆ ಗಂಡು ಹುಡುಕುವುದು ಇದಕ್ಕಿಂತ ಸುಲಭ ಅನ್ನಿಸಬೇಕು.

ಹೋದ ವಸಂತದಲ್ಲಿ ಒಬ್ಬ ಬ್ಯಾಂಕಿನವನು ಬಂದಿದ್ದ. ನಲವತ್ತು ದಾಟಿದ ಮನುಷ್ಯ, ಕೊರಳಲ್ಲಿ ಟೈ. ಕಾಲೇಜು ದಿನಗಳಲ್ಲಿ ಆಡುತ್ತಿದ್ದನಂತೆ, ಈಗ ಮತ್ತೆ ಆಸೆ ಹುಟ್ಟಿದೆಯಂತೆ. ಫೋನಿನಲ್ಲಿ ಯಾವುದೋ ವಿಡಿಯೋ ತೋರಿಸಿ, "ಈ ಚಾಂಪಿಯನ್ ಇಟ್ಕೊಂಡಿದಾನಲ್ಲ, ಅದೇ ಕೊಡಿ ಸಾರ್. ಜಪಾನಿದು," ಎಂದ.

"ಸ್ಟಿಕ್ ಅವನದು ಸರಿ. ಕೈಯೂ ಅವನದೇ ತಂದಿದೀರಾ?" ಅಂದರು ಇವರು.

ಪಾಪ, ಆ ಮನುಷ್ಯ ಪೆಚ್ಚಾದ. ಇವರು ಅವನ ಎಡಗೈಗೆ ಒಂದು ಹಳೇ ಸ್ಟಿಕ್ ಕೊಟ್ಟು ಆಡಿಸಲು ಹೇಳಿ, ತಾವು ಕನ್ನಡಕ ಏರಿಸಿಕೊಂಡು ಕೂತರು. "ಜಪಾನಿನವರದು ಸ್ಪ್ರಿಂಗು. ಕೆಳಗಡೆ ಚೌಕದ ತಟ್ಟೆ ಇರುತ್ತೆ, ಸ್ಟಿಕ್ಕು ಮೂಲೆಗೆ ಹೋಗಿ ಟಕ್ ಅಂತ ನಿಲ್ಲುತ್ತೆ. ನಮ್ಮದಕ್ಕೆ ಮೂಲೆ ಇಲ್ಲ. ಬುಡದಲ್ಲಿ ರಬ್ಬರ್ ಉಂಗುರ, ನೀವು ಬಿಟ್ಟ ತಕ್ಷಣ ತಾನೇ ನಡುವಿಗೆ ಬಂದು ನಿಲ್ಲುತ್ತೆ. ನೀವು ಹಿಡಿದಿರೋ ರೀತಿ ನೋಡಿದ್ರೆ ಬಸ್ಸಲ್ಲಿ ಕಂಬಿ ಹಿಡಿದಂಗಿದೆ. ಹಿಂಗೆ ಹಿಡಿದ್ರೆ ಯಾವ ಸ್ಟಿಕ್ ಕೊಟ್ರೂ ತೋಳು ನೋಯುತ್ತೆ. ಒಂದು ತಿಂಗಳು ಯಾವುದಾದ್ರೂ ಗೇಮ್ ಸೆಂಟರ್‌ಗೆ ಹೋಗಿ ಆಡಿ. ಕೈ ಸಡಿಲ ಆಗ್ಲಿ, ಆಮೇಲೆ ಬನ್ನಿ."

ಅವನು ತಲೆಬಾಗಿ ಹೋದ ಮೇಲೆ ನಾನು ಕೇಳಿದೆ, "ರೀ, ಸಂಜೆ ಊಟಕ್ಕೆ ಏನು ಮಾಡ್ಲಿ? ನಿಮ್ಮ ರಬ್ಬರ್ ಉಂಗುರಾನೇ ಬೇಯಿಸ್ಲಾ?"

"ಬರ್ತಾನೆ ಬಿಡು ನಾರೇ ಅಮ್ಮ," ಅಂದು ಇವರು ಮತ್ತೆ ಬೆಸುಗೆಗೆ ಕೈ ಹಾಕಿದರು. ಹೇಳಿದ ಹಾಗೆ ಅವನು ಬಂದ ಅನ್ನಿ. ಇವರ ಮಾತು ಸುಳ್ಳಾಗುವುದಿಲ್ಲ, ಅದೇ ನನಗೆ ಇನ್ನೂ ಸಿಟ್ಟು.

ನಮ್ಮ ಒಬ್ಬಳೇ ಮಗಳು ನಾರೇ. ಬೇರೆ ಹುಡುಗಿಯರು ಪಿಯಾನೋ ಕಲಿಯುವ ವಯಸ್ಸಿನಲ್ಲಿ ಇವಳು ಅಂಗಡಿಯ ಮೂಲೆಯಲ್ಲಿ ಕೂತು ರಿಪೇರಿಗೆ ಬಂದ ಸ್ಟಿಕ್ಕುಗಳನ್ನೆಲ್ಲ ಆಡಿಸಿ ನೋಡುತ್ತಿದ್ದಳು. ಈಗ ದೇಶದಲ್ಲಿ ಹೆಸರು ಹೇಳಿದರೆ ಗೊತ್ತಾಗುವಷ್ಟು ಚೆನ್ನಾಗಿ ಆಡುತ್ತಾಳೆ. ಮಾರುಕಟ್ಟೆಯಲ್ಲಿ ಮಾತ್ರ ಅವಳ ಹೆಸರು ಯಾರಿಗೂ ಬೇಕಿಲ್ಲ. ಇವರ ಮನೆತನದ ಹೆಸರು ಪ್ಯೋ, ಎಲ್ಲರ ಬಾಯಲ್ಲೂ ಸ್ಟಿಕ್ ಪ್ಯೋ, ಅವಳು ಸ್ಟಿಕ್ ಪ್ಯೋ ಮಗಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಇವರ ಎದೆ ಒಂದು ಗೇಣು ಉಬ್ಬುತ್ತದೆ.

ನಮ್ಮ ನಗರದ್ದೇ ಯೋಂಗ್ಸಾನ್‌ನಲ್ಲಿ ದೊಡ್ಡ ಪಂದ್ಯ ಅಂತ ಗೊತ್ತಾಯಿತು. ಅದರಲ್ಲಿ ಮೇಲೆ ಬಂದವರು ದೇಶದ ಪರವಾಗಿ ಹೊರಗೆ ಹೋಗಿ ಆಡುತ್ತಾರೆ. ಇಷ್ಟು ವರ್ಷ ಅಂಗಡಿ ಬಿಟ್ಟು ಒಂದು ಪಂದ್ಯಕ್ಕೂ ಹೋಗದ ಮನುಷ್ಯ ಈ ಸಲ ತಾವೂ ಬರುತ್ತೇನೆ ಅಂದರು. ಅಂದಮೇಲೆ ಬೋಂಗ್ ಅಣ್ಣ ಬಿಟ್ಟಾನೆಯೇ? ಅವನು ಬಂದರೆ ಮಾರುಕಟ್ಟೆ ಅರ್ಧ ಬಂದ ಹಾಗೆ. ಇವರು ಮಗಳಿಗಾಗಿ ಹೊಸ ಸ್ಟಿಕ್ ಮಾಡಲು ಕೂತರು. ಬೇರೆ ಕೆಲಸವೆಲ್ಲ ಅಟ್ಟ ಸೇರಿತು.

ಆ ದಿನಗಳಲ್ಲೇ ನಾರೇ ಕೋಣೆಯಲ್ಲಿ ನನ್ನ ಮೂಗಿಗೆ ನೋವಿನ ಪಟ್ಟಿಯ ಘಾಟು ಬಡಿದದ್ದು. ನಮ್ಮಂಥ ಮಂಡಿನೋವಿನವರಿಗೆ ಆ ವಾಸನೆ ಹೇಳಿಕೊಡಬೇಕಿಲ್ಲ. ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕುತ್ತಿದ್ದಳಲ್ಲ, ತೋಳು ಎತ್ತಿ ನೋಡಿದೆ. ಎಡ ಮಣಿಕಟ್ಟಿನ ಸುತ್ತ ಪಟ್ಟಿ, ಅದರ ಕೆಳಗೆ ಬಾವು.

"ಡಾಕ್ಟರ್ ಹತ್ರ ಹೋಗಿದ್ದೆ ಅಮ್ಮ," ಅಂದಳು. "ಹಿಂಗೇ ಸ್ಟಿಕ್ ತಿರುಗಿಸ್ತಾ ಇದ್ರೆ ಆಮೇಲೆ ಆಟಾನೇ ಇಲ್ಲ ಅಂದ್ರು. ಅಪ್ಪಂಗೆ ಹೇಳ್ಬೇಡ. ನನ್ನಾಣೆ."

ಆಣೆ ಹಾಕಿಸಿಕೊಂಡ ಮೇಲೆ ಮಂಚದ ಕೆಳಗಿಂದ ಒಂದು ಪೆಟ್ಟಿಗೆ ಎಳೆದಳು. ತೆಳ್ಳಗಿದೆ, ಹಗುರ. ಸ್ಟಿಕ್ಕೇ ಇಲ್ಲ! ಎಡಗೈಗೂ ಗುಂಡಿಗಳೇ. ಹಿಂದಕ್ಕೊಂದು, ಮುಂದಕ್ಕೊಂದು, ಬೆರಳಲ್ಲಿ ತಟ್ಟಿದರೆ ಆಯಿತು, ಮಣಿಕಟ್ಟು ಅಲುಗಾಡಿಸಬೇಕಿಲ್ಲ. ಇಂಥವು ಬಂದಿವೆ ಅಂತ ನನಗೂ ಗೊತ್ತಿತ್ತು. ಯಾರಾದರೂ ಅಂಗಡಿಗೆ ಬಂದು ಕೇಳಿದರೆ ಇವರು, "ಟೈಪಿಂಗ್ ಮೆಷಿನ್ ಕೆಳಗಡೆ ಮಹಡೀಲಿ ಸಿಗುತ್ತೆ," ಅಂತ ಕಳಿಸುತ್ತಿದ್ದರು.

"ಇದ್ರಲ್ಲಿ ಆಡಿದ್ರೆ ನೋವಿಲ್ವಾ?"

"ಸ್ವಲ್ಪಾನೂ ಇಲ್ಲ. ಗೆಲ್ತಾನೂ ಇದೀನಿ."

"ಮತ್ತೆ ಇದನ್ನೇ ತಗೊಂಡು ಹೋಗೇ!"

"ಅಪ್ಪ ಮೊದಲನೇ ಸಲ ನೋಡೋಕೆ ಬರ್ತಿದಾರಮ್ಮ. ಬೋಂಗ್ ದೊಡ್ಡಪ್ಪ ಎಲ್ಲರ್ನೂ ಕರ್ಕೊಂಡು ಬರ್ತಾರೆ. ಅಷ್ಟು ಜನರ ಮುಂದೆ ನಾನೇ ಸ್ಟಿಕ್ ಇಲ್ದೇ ಕೂತ್ರೆ, ಮಾರನೇ ದಿನ ಅಪ್ಪ ಯಾವ ಮುಖ ಇಟ್ಕೊಂಡು ಅಂಗಡಿ ಬಾಗಿಲು ತೆಗೀತಾರೆ? ಇದೊಂದ್ಸಲ ಅವರ ಸ್ಟಿಕ್ಕಲ್ಲೇ ಆಡ್ತೀನಿ. ಸೋತ್ರೆ ಸೋತೆ."

"ಕೈ ಹೋದ್ರೆ?"

ಅವಳು ಅಂಗಿಯ ತೋಳು ಕೆಳಗೆಳೆದು ಪಟ್ಟಿ ಮುಚ್ಚಿಕೊಂಡಳು. ನಾನು ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಿ ಕೌದಿ ಇಡುವ ಬೀರುವಿನಲ್ಲಿ ಬಚ್ಚಿಟ್ಟೆ. ಮದುವೆಯಾದಾಗಿನಿಂದ ಇವರು ಒಂದು ಕೌದಿ ಮಡಿಸಿದವರಲ್ಲ, ಅದಕ್ಕಿಂತ ಭದ್ರವಾದ ಜಾಗ ನಮ್ಮ ಮನೆಯಲ್ಲಿ ಬೇರೆ ಇಲ್ಲ.

ಪಂದ್ಯಕ್ಕೆ ಎರಡು ದಿನ ಇರುವಾಗ ಊಟದ ಹೊತ್ತಿಗೆ ಇವರು ಹೊಸ ಸ್ಟಿಕ್ ತಂದರು. ಮದುವೆ ಉಡುಗೊರೆಗೆ ಸುತ್ತುವಂಥ ಗುಲಾಬಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಹೂವಿನಂತೆ ಗಂಟು ಬೇರೆ ಹಾಕಿದ್ದರು. ಮರದ ಪೆಟ್ಟಿಗೆ, ಒಳ್ಳೇ ಭಾರ. "ರಬ್ಬರು ನಾಲ್ಕು ಸಲ ಬದಲಾಯಿಸ್ದೆ. ನಿನ್ನ ಕೈಗೆ ಇದಕ್ಕಿಂತ ಸರಿಯಾಗಿದ್ದು ಈ ಊರಲ್ಲಿ ಯಾರೂ ಮಾಡಲ್ಲ, ತಗೋ," ಎಂದು ಮೇಜಿನ ಮೇಲಿಂದ ಚಾಚಿದರು.

ನಾರೇ ಎದ್ದು ಬಲಗೈ ಒಂದೇ ಚಾಚಿದಳು.

ನಮ್ಮಲ್ಲಿ ದೊಡ್ಡವರು ಒಂದು ಲೋಟ ನೀರು ಕೊಟ್ಟರೂ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾರೆ. ನಡೆಯಲು ಬರುವ ಮುಂಚೆ ಕಲಿಸುವ ಪಾಠ ಅದು. ಪೆಟ್ಟಿಗೆ ಒಂದು ಕಡೆ ವಾಲಿತು, ಕಿಮ್ಚಿ ಸಾರಿನ ಪಾತ್ರೆಗೆ ತಾಗಿ ಸಾರು ಚೆಲ್ಲಿತು.

"ಎರಡನೇ ಕೈ ಎಲ್ಲಿ ಬಿಟ್ಟು ಬಂದಿದೀಯ?" ಇವರ ದನಿ ಗಡುಸಾಯಿತು.

"ತಪ್ಪಾಯ್ತಪ್ಪ," ಎಂದು ನಾರೇ ಎಡಗೈಯನ್ನೂ ಕೊಟ್ಟು ತೆಗೆದುಕೊಂಡಳು. ತಲೆಬಾಗಿ ವಂದಿಸಿ, ಅದನ್ನು ತನ್ನ ಕೋಣೆಯಲ್ಲಿಟ್ಟು, ಅಂಗಡಿಗೆ ಹೋಗಿ ಹಾಲು ತರುತ್ತೇನೆ ಅಂತ ಹೊರಗೆ ಹೋದಳು. ಮನೆಯಲ್ಲಿ ಬೇಕಾದಷ್ಟು ಹಾಲಿತ್ತು.

ಇವರು ಚೆಲ್ಲಿದ ಸಾರನ್ನೇ ನೋಡುತ್ತ, "ಬೆಳೆದುಬಿಟ್ಲು ನಿನ್ನ ಮಗಳು. ಅಪ್ಪ ಕೊಟ್ಟಿದ್ದಕ್ಕೆ ಒಂದು ಕೈ ಸಾಕು," ಅಂದರು.

ನನಗೆ ಪಿತ್ತ ನೆತ್ತಿಗೇರಿತು. ಆಣೆಯೂ ಇಲ್ಲ, ಏನೂ ಇಲ್ಲ. "ಬಾಯಿ ಮುಚ್ರೀ! ಬ್ಯಾಂಕಿನವನ ಕೈ ನೋಡ್ತೀರಿ, ದಾರೀಲಿ ಹೋಗೋರ ಕೈಯೆಲ್ಲ ನೋಡ್ತೀರಿ. ಹೆತ್ತ ಮಗಳ ಕೈ ಕಾಣಲ್ವಾ ನಿಮ್ಮ ಕಣ್ಣಿಗೆ?" ಎಂದು ತೋಳು ಹಿಡಿದು ಎಳೆದುಕೊಂಡು ಹೋಗಿ ಬೀರು ತೆಗೆದೆ. ಕೌದಿಗಳನ್ನು ನೆಲಕ್ಕೆ ಎಸೆದು ಪೆಟ್ಟಿಗೆಯನ್ನು ಅವರ ಕೈಗಿಟ್ಟೆ. ಬಾವು, ಡಾಕ್ಟರು, ಅವಳು ಸೋಲಲು ತಯಾರಾಗಿರುವುದು, ಯಾರಿಗಾಗಿ ಅನ್ನುವುದು, ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಟೈಪಿಂಗ್ ಮೆಷಿನ್ ಅಂತ ಏನಾದರೂ ಅಂದರೆ ಈ ದಿನ ಇವರನ್ನು ಬಿಡುವುದಿಲ್ಲ ಅಂತ ಸೊಂಟ ಕಟ್ಟಿ ನಿಂತಿದ್ದೆ. ಇವರು ಕೌದಿಗಳ ನಡುವೆ ಕೂತರು. ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಎಡಗೈಯ ಗುಂಡಿಗಳನ್ನು ಒಂದೊಂದಾಗಿ ಒತ್ತಿದರು.

"ಯಾವಾಗಿಂದ ನೋವು?"

"ಚಳಿಗಾಲದಿಂದ."

"ಚಳಿಗಾಲದಿಂದ," ಅಂದರು ತಾವೂ. ತಲೆ ಪೆಟ್ಟಿಗೆಯ ಮೇಲೆ ಬಾಗಿತು. ಅಷ್ಟು ಬೈದಿದ್ದ ನನಗೇ ಆ ಬೋಳುತಲೆ ನೋಡಿ ಅಯ್ಯೋ ಪಾಪ ಅನ್ನಿಸಿತು. ಕೊನೆಗೆ ಕಣ್ಣೊರೆಸಿಕೊಂಡು, "ಗುಂಡಿ ಚೆನ್ನಾಗಿ ಕೂರಿಸಿದಾರೆ. ವೈರಿಂದು ಮಾತ್ರ ಒಂದು ಸ್ಕ್ರೂ ಸಡಿಲ ಇದೆ," ಎಂದರು. ಸ್ಕ್ರೂ ಬಿಗಿ ಮಾಡಿ, ಪೆಟ್ಟಿಗೆಯನ್ನು ಒಳಗಿಟ್ಟು, ತಾವೇ ಕೌದಿ ಮಡಿಸಿದರು. ಮಡಿಸಿದ ಚಂದಕ್ಕೆ ಮಗಳಿಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ನಾನು ಮತ್ತೆ ಬಿಚ್ಚಿ ಮಡಿಸಿದೆ.

"ಅವಳಿಗೆ ಹೇಳಿ ಮತ್ತೆ, ಇದನ್ನೇ ತಗೊಂಡು ಹೋಗು ಅಂತ."

"ಹೇಳಿದ್ರೆ ಕೇಳ್ತಾಳಾ? 'ಇಲ್ಲಪ್ಪ, ನಂಗೆ ನಿಮ್ಮದೇ ಇಷ್ಟ' ಅಂತಾಳೆ. ನಿನ್ನ ಮಗಳು," ಅಂದರು.

ಆಮೇಲೆ ನಮ್ಮ ಮನೆ ನಾಟಕದ ಮನೆಯಾಯಿತು. ಅವಳು ಹೊಸ ಸ್ಟಿಕ್ ತೊಡೆಯ ಮೇಲಿಟ್ಟುಕೊಂಡು "ಆಹಾ, ಬೆಣ್ಣೆ ಇದ್ದಂಗಿದೆ ಅಪ್ಪ" ಅನ್ನುವುದು, ಇವರು "ಜಾಸ್ತಿ ಆಡ್ಬೇಡ, ರಬ್ಬರು ಸವೆಯುತ್ತೆ, ಎತ್ತಿಡು" ಅನ್ನುವುದು. ಎರಡು ದಿನಕ್ಕೆ ಹೊಸ ರಬ್ಬರು ಸವೆಯುತ್ತದೆ ಅಂತ ಸ್ಟಿಕ್ ಪ್ಯೋ ಬಾಯಲ್ಲಿ! ಅವಳಿಗೆ ಅಷ್ಟೂ ಹೊಳೆಯಲಿಲ್ಲ. ನಾನು ಇಬ್ಬರಿಗೂ ಬಡಿಸಿಕೊಂಡು ಬಾಯಿ ಬಿಗಿ ಹಿಡಿದಿದ್ದೆ.

ಪಂದ್ಯದ ದಿನ ಬೆಳಗ್ಗೆ ಇವರು, "ಬ್ಯಾಗ್ ನಾನು ಹೊರ್ತೀನಿ. ನೀನು ಕೈ ಬೆಚ್ಚಗಿಟ್ಕೋ," ಎಂದು ಅವಳ ಬ್ಯಾಗನ್ನು ಹೆಗಲಿಗೇರಿಸಿದರು. ಮೆಟ್ರೋದಲ್ಲಿ ಯಾರಿಗೂ ಮುಟ್ಟಲು ಬಿಡಲಿಲ್ಲ.

ಸಭಾಂಗಣ ತುಂಬಿತ್ತು. ಬೋಂಗ್ ಅಣ್ಣ ಮಾರುಕಟ್ಟೆಯವರಿಗೆಲ್ಲ ಒಂದೇ ಸಾಲು ಹಿಡಿದಿದ್ದ. ನಾರೇಯನ್ನು ಕರೆದರು. ಬುಸಾನಿನ ಒಬ್ಬ ಎತ್ತರದ ಆಟಗಾರ ಆಗಲೇ ಸ್ಟಿಕ್ ಜೋಡಿಸಿಕೊಂಡು ಕೂತಿದ್ದ. ಅವಳು ಕುರ್ಚಿಯಲ್ಲಿ ಕೂತು ಬ್ಯಾಗಿನ ಜಿಪ್ ಎಳೆದಳು. ಒಳಗೆ ಹಾಕಿದ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಅದನ್ನು ಹೊರಗೆ ತೆಗೆದಳು. ತೆಳ್ಳಗಿನ, ಹಗುರವಾದ, ಸ್ಟಿಕ್ ಇಲ್ಲದ ಪೆಟ್ಟಿಗೆ.

ತಲೆ ಎತ್ತಿ ನಮ್ಮ ಸಾಲನ್ನು ಹುಡುಕಿದಳು. ಇವರು ಚಾವಣಿಯ ದೀಪಗಳನ್ನು ಲೆಕ್ಕ ಮಾಡುವವರ ಹಾಗೆ ಮೇಲೆ ನೋಡುತ್ತಿದ್ದರು. ನಾನು ಹೂಂ, ಆಡು ಅನ್ನುವ ಹಾಗೆ ತಲೆ ಆಡಿಸಿದೆ. ಅವಳು ಕಣ್ಣುಜ್ಜಿಕೊಂಡು ವೈರು ಸಿಕ್ಕಿಸಿದಳು.

ಬೋಂಗ್ ಅಣ್ಣನಿಗೆ ಕಣ್ಣು ಚುರುಕು. "ಏಯ್ ಪ್ಯೋ! ನಿನ್ನ ಮಗಳ ಸ್ಟಿಕ್ಕು ದಾರೀಲಿ ಉದುರೋಯ್ತೇನೋ? ಬರೀ ಗುಂಡಿ ಇದೆಯಲ್ಲೋ!" ಎಂದು ಕೂಗಿದ. ಹಿಂದಿನ ಸಾಲೂ ನಕ್ಕಿತು. ಇವರು ಕಿವಿ ಕೇಳದವರ ಹಾಗೆ ಕೂತರು. ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಆ ಪರದೆಯ ಮೇಲೆ ಯಾರು ಯಾರಿಗೆ ಒದೆಯುತ್ತಾರೋ ನನಗೆ ಇವತ್ತಿಗೂ ತಿಳಿಯುವುದಿಲ್ಲ. ನಾನು ಅವಳ ಮುಖ ನೋಡುತ್ತಿದ್ದೆ. ತಿಂಗಳುಗಳಿಂದ ಆಡುವಾಗ ಅವಳ ತುಟಿ ಒಂದು ಕಡೆ ಬಿಗಿಯಾಗುತ್ತಿತ್ತು, ಅದನ್ನು ಛಲ ಅಂತ ತಿಳಿದಿದ್ದೆವು. ಆವತ್ತು ತುಟಿ ಸಡಿಲವಾಗಿತ್ತು. ಮೊದಲನೇ ಆಟ ಸೋತಳು, ಉಳಿದೆರಡು ಗೆದ್ದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬೋಂಗ್ ಅಣ್ಣ ಎಲ್ಲರಿಗಿಂತ ಜೋರಾಗಿ ಹೊಡೆದ. ಆದರೆ ನಾಲಗೆ ಸುಮ್ಮನಿರಬೇಕಲ್ಲ.

"ಗೆದ್ಲು ಸರಿ. ನಾಳೆಯಿಂದ ನಿನ್ನ ಏನಂತ ಕರೀಬೇಕೋ? ಗುಂಡಿ ಪ್ಯೋ ಅಂತಾನಾ? ಮಗಳೇ ನಿನ್ನ ಸ್ಟಿಕ್ ಮುಟ್ಟಲ್ಲ ಅಂದ್ರೆ ಇನ್ಯಾರು ಮುಟ್ತಾರೆ?"

ಆಗ ಇವರು ಎದ್ದರು. ಇಡೀ ಸಾಲಿಗೆ ಕೇಳುವ ಹಾಗೆ, "ಏನಾದ್ರೂ ಕರಿ ಬೋಂಗ್ ಅಣ್ಣ. ಅದನ್ನ ಆರಿಸಿಕೊಟ್ಟಿದ್ದು ನಾನು," ಅಂದರು. "ಅವಳ ಕೈ ನೋಡ್ದೆ. ಈ ಕೈಗೆ ಸ್ಟಿಕ್ ಬೇಡ, ಗುಂಡೀನೇ ಸರಿ ಅಂದೆ. ಅವಳು ಒಪ್ಪಲೇ ಇಲ್ಲ. ನಾನೇ ಬೈದು ಬೈದು ಕೈಗಿಟ್ಟೆ. ಯಾರಿಗೆ ಯಾವುದು ಅಂತ ನಂಗೆ ಗೊತ್ತಾಗಲ್ವಾ?"

ಹಸಿಹಸಿ ಸುಳ್ಳು. ಮೂವತ್ತು ವರ್ಷ ಒಬ್ಬನೇ ಒಬ್ಬ ಗಿರಾಕಿಗೂ ಸುಳ್ಳು ಹೇಳದೆ ನನ್ನ ಹೊಟ್ಟೆ ಉರಿಸಿದ ಮನುಷ್ಯ, ಮಾರುಕಟ್ಟೆ ಅರ್ಧದ ಮುಂದೆ ಕಣ್ಣು ಮಿಟುಕಿಸದೆ ಹೇಳಿದರು.

ನಾರೇ ವೇದಿಕೆಯಿಂದ ಇಳಿದು ಬಂದು ಇವರ ಬೆನ್ನ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಅಯ್ಯೋ, ಏನು ಬೈಗುಳ ಅಂತೀರಾ ದೊಡ್ಡಪ್ಪ," ಎಂದಳು ಬೋಂಗ್ ಅಣ್ಣನಿಗೆ. "ನೋಡಿ, ಇನ್ನೂ ಅಳು ನಿಂತಿಲ್ಲ ನಂಗೆ."

ಬೋಂಗ್ ಅಣ್ಣ ಒಮ್ಮೆ ಅವಳನ್ನು, ಒಮ್ಮೆ ಇವರನ್ನು ನೋಡಿ, "ಅಲ್ವೋ ಪ್ಯೋ, ಬೆಳೆದ ಮಗಳಿಗೆ ಹಂಗೆ ಬೈತಾರೇನೋ," ಎಂದು ಇವರನ್ನೇ ಗದರಿದ. ಇವರು ತಪ್ಪು ಒಪ್ಪಿಕೊಂಡವರ ಹಾಗೆ ತಲೆ ತಗ್ಗಿಸಿದರು. ಅಪ್ಪ ಮಗಳು ಇಬ್ಬರೂ ಒಂದೇ ಸುಳ್ಳಿನ ಎರಡು ತುದಿ ಹಿಡಿದುಕೊಂಡು ನಿಂತಿದ್ದರು, ಅದನ್ನು ಬಿಡಿಸಲು ನನಗೇನು ಹುಚ್ಚೇ? ಅಷ್ಟು ಜನರ ನಡುವೆ ನಾನೂ ಮೂಗು ಸೊರಸೊರ ಅನ್ನಿಸುತ್ತ ಅಳುತ್ತಿದ್ದೆ. ಆ ಗಳಿಗೆಯಲ್ಲಿ ಯಾರಾದರೂ ಕೇಳಿದ್ದರೆ, ಆ ಬೋಳುತಲೆಯ ಮನುಷ್ಯನನ್ನು ಇನ್ನೊಂದು ಸಲ ಮದುವೆಯಾಗಲು ಅಲ್ಲೇ ಒಪ್ಪಿಬಿಡುತ್ತಿದ್ದೆ.